ಒಂದು ಲಕ್ಷ ಜನ ಇಳಿಯುವ ಕಲ್ಯಾಣಿ

ಹೋದ ಸಂಚಿಕೆಯ ಈ ಪುಟದಲ್ಲಿ ಒಂದು ಸಾಲು ಬರೆದಿದ್ದೆ. ‘ಶನಿವಾರ ಕಾಲೇಜು ಹುಡುಗರ ಫುಟ್‌ಬಾಲ್ ಇರೋದು ಮರೆತು ಹಾಲು ತರೋಕೆ ಹೊರಟೆ, ಆಟಕ್ಕೆ ಬಂದ ಒಂದು ಲಕ್ಷ ಜನರ ನಡುವೆ ಸಿಕ್ಕಿಕೊಂಡು ಮನೆಗೆ ವಾಪಸ್ ಬರೋಕೆ ಎರಡು ಗಂಟೆ ಹಿಡೀತು’ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂತ ನಾನಂದುಕೊಂಡಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಇದನ್ನೇ ತೆಗೆದುಕೊಂಡಿದ್ದೇನೆ.

ಹೊಸಬರಿಗೆ ಒಂದು ಮಾತು. ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ. 2005ರಲ್ಲಿ ಬಂದೆವು. ಯಜಮಾನರದು ಕಾರು ಕಂಪನಿ ಕೆಲಸ, ನಾನು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂಗೆ ನಮ್ಮ ಮನೆಯಿಂದ ನಡೆದರೆ ಹನ್ನೆರಡು ನಿಮಿಷ. ಆಟದ ಪಂಡಿತೆ ನಾನಲ್ಲ. ಪಕ್ಕದ ಮನೆಯವಳು, ಅಷ್ಟೇ.

ಕಾಲೇಜು ಹುಡುಗರ ಆಟಕ್ಕೆ ಒಂದು ಲಕ್ಷ ಜನ ಸೇರುತ್ತಾರೆ ಅಂತ ಬರೆದಿದ್ದೀರಿ. ಒಂದು ಸೊನ್ನೆ ಜಾಸ್ತಿ ಬಿದ್ದಿದೆಯಾ? — ಹಾಸನದ ಓದುಗರು

ಇಲ್ಲ ಸ್ವಾಮಿ, ಸೊನ್ನೆ ಸರಿಯಾಗಿದೆ. ಈಗಿನ ಲೆಕ್ಕದಲ್ಲಿ ಸೀಟುಗಳು 1,07,601. ಹೆಚ್ಚುಕಮ್ಮಿ ಮೂರು ಚಿನ್ನಸ್ವಾಮಿ ಸ್ಟೇಡಿಯಂ ಅಂದುಕೊಳ್ಳಿ. 2013ರ ಸೆಪ್ಟೆಂಬರ್ 7ರಂದು ನೋಟ್ರ ಡೇಮ್ ಕಾಲೇಜಿನ ತಂಡ ಬಂದಾಗ 1,15,109 ಜನ ಸೇರಿದ್ದರು. ಇವತ್ತಿಗೂ ಅದೇ ದಾಖಲೆ. ತಮಾಷೆ ಏನೆಂದರೆ, 2020ರ ಜನಗಣತಿಯಲ್ಲಿ ನಮ್ಮ ಇಡೀ ಊರಿನ ಜನಸಂಖ್ಯೆ 1,23,851. ಅಂದರೆ ಆಟದ ದಿನ ಊರೊಳಗೆ ಇನ್ನೊಂದು ಊರು ಬಂದು ಕೂರುತ್ತದೆ. 1975ರ ನವೆಂಬರಿನಿಂದ ಇಲ್ಲಿ ನಡೆದ ಪ್ರತಿ ಆಟಕ್ಕೂ ಲಕ್ಷದ ಮೇಲೇ ಜನ. ಕೊರೋನಾ ವರ್ಷ ಒಂದನ್ನು ಬಿಡಿ.

ಸಂಬಳಕ್ಕೆ ಆಡುವ ದೊಡ್ಡ ತಂಡ ಇಲ್ಲಿಂದ ಒಂದು ಗಂಟೆ ದಾರಿಯೂ ಇಲ್ಲದ ಡೆಟ್ರಾಯಿಟ್‌ನಲ್ಲಿದೆ. ಅವರ ಸ್ಟೇಡಿಯಂನಲ್ಲಿ ಸುಮಾರು 65,000 ಸೀಟು. ಕಾಲೇಜಿನದು ಅದಕ್ಕಿಂತ ದೊಡ್ಡದು ಯಾಕೆ ಅಂತ ನಾನೂ ಕೇಳಿದ್ದೆ. ಯಾರು ಮೊದಲು ಬಂದರು ಅನ್ನುವುದೇ ಕಾರಣ. ಈ ದೇಶದಲ್ಲಿ ಫುಟ್‌ಬಾಲ್ ಹುಟ್ಟಿದ್ದೇ ಕಾಲೇಜುಗಳಲ್ಲಿ. ದುಡ್ಡಿಗೆ ಆಡುವವರ ದೊಡ್ಡ ಲೀಗ್ ಶುರುವಾಗಿದ್ದು 1920ರಲ್ಲಿ. ಅಷ್ಟೊತ್ತಿಗೆ ಇಲ್ಲಿ ಅಪ್ಪ, ಮಗ ಇಬ್ಬರೂ ಒಂದೇ ಕಾಲೇಜಿನ ತಂಡಕ್ಕೆ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು.

ನಮ್ಮೂರಿನ ಈ ಸ್ಟೇಡಿಯಂ ಕಟ್ಟಿಸಿದವರು ಫೀಲ್ಡಿಂಗ್ ಯೋಸ್ಟ್. ಮೊದಲು ಕೋಚ್, ಆಮೇಲೆ ಕ್ರೀಡಾ ವಿಭಾಗದ ಮುಖ್ಯಸ್ಥ. ಒಂದೊಂದು 500 ಡಾಲರಿನ 3,000 ಬಾಂಡ್ ಮಾರಿ ದುಡ್ಡು ಎತ್ತಿದರು. ಬಾಂಡ್ ಕೊಂಡವರಿಗೆ ಒಳ್ಳೆ ಜಾಗದ ಟಿಕೆಟ್ ಕೊಳ್ಳುವ ಹಕ್ಕು. ಸುಮಾರು 9.5 ಲಕ್ಷ ಡಾಲರ್ ಖರ್ಚಾಗಿ, 1927ರ ಅಕ್ಟೋಬರ್ 1ರಂದು ಮೊದಲ ಆಟ ನಡೆಯಿತು. ಆಗ 72,000 ಸೀಟು. ಆ ಕಾಲಕ್ಕೇ ಯೋಸ್ಟ್ ಒಂದು ಲಕ್ಷ ದಾಟುವ ಲೆಕ್ಕ ಇಟ್ಟುಕೊಂಡು ಅಡಿಪಾಯ ಹಾಕಿಸಿದ್ದರು. ‘ಹುಚ್ಚ’ ಅಂದವರು ಇದ್ದೇ ಇರುತ್ತಾರೆ, ಅಲ್ವಾ?

ಚಿತ್ರದಲ್ಲಿ ನೋಡಿದೆ. ರಸ್ತೆಯಿಂದ ಅಷ್ಟೇನೂ ಎತ್ತರ ಕಾಣೋದಿಲ್ಲ. ಲಕ್ಷ ಜನ ಎಲ್ಲಿ ಕೂರುತ್ತಾರೆ? — ತರೀಕೆರೆಯ ಓದುಗರು

ಒಳ್ಳೆ ಕಣ್ಣು ನಿಮ್ಮದು. ಇದಕ್ಕೆ ಉತ್ತರ ನಮ್ಮ ಮಾವನವರು ಕೊಟ್ಟಿದ್ದಾರೆ.

2006ರ ಸೆಪ್ಟೆಂಬರಿನಲ್ಲಿ ಅವರು ಮೊದಲ ಸಲ ಬಂದಿದ್ದರು. ತಿಪಟೂರಿನ ಹತ್ತಿರ ತೆಂಗಿನ ತೋಟ, ಜೀವನವೆಲ್ಲ ಅದೇ. ಯಜಮಾನರ ಆಫೀಸಿನಲ್ಲಿ ಯಾರೋ ಎರಡು ಟಿಕೆಟ್ ಕೊಟ್ಟರು. ಯಜಮಾನರಿಗೆ ಜ್ವರ. ಹಾಗಾಗಿ ನಾನು, ಮಾವ ಹೊರಟೆವು. ಅವರು ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದರು, ಮೇಲೆ ಮಗನ ಹಳದಿ ಟೀ ಶರ್ಟು. ದಾರಿಯುದ್ದಕ್ಕೂ ‘ಎಲ್ಲಮ್ಮಾ ಸ್ಟೇಡಿಯಂ, ಕಾಂಪೌಂಡ್ ಮಾತ್ರ ಕಾಣ್ತದಲ್ಲ’ ಅಂತಿದ್ದರು. ಗೇಟು ದಾಟಿ, ನೆಲಮಟ್ಟದಲ್ಲೇ ನಾಲ್ಕು ಹೆಜ್ಜೆ ಇಟ್ಟೆವು. ಕಾಲ ಕೆಳಗೆ ಪೂರ್ತಿ ಇಳಿಜಾರು. ಸಾಲು ಸಾಲು ಮೆಟ್ಟಿಲು ಕೆಳಗಿಳಿದು, ಇಳಿದು, ತಳದಲ್ಲಿ ಹಸಿರು ಚೌಕ. ಮಾವ ಕಂಬಿ ಹಿಡಿದು ನಿಂತರು. ‘ಇದು ಸ್ಟೇಡಿಯಂ ಅಲ್ಲ ಕಣಮ್ಮ, ಕಲ್ಯಾಣಿ. ನಮ್ಮ ಮೇಲುಕೋಟೆದು ನೂರು ಸೇರಿಸಿದ ಹಾಗೆ.’

ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಸ್ಟೇಡಿಯಂನ ಮುಕ್ಕಾಲು ಪಾಲು ನೆಲದೊಳಗಿದೆ. ನೀವು ಬರುವುದು ಮೇಲಿನ ಅಂಚಿಗೆ, ನಿಮ್ಮ ಸೀಟಿಗೆ ಇಳಿದು ಹೋಗಬೇಕು. 2010ರಲ್ಲಿ ಎರಡು ಉದ್ದ ಬದಿಗೂ ಕೆಂಪಿಟ್ಟಿಗೆಯ ದೊಡ್ಡ ಕಟ್ಟಡ ಎಬ್ಬಿಸಿದರು. ದುಡ್ಡಿದ್ದವರು ಗಾಜಿನ ಹಿಂದೆ ಬೆಚ್ಚಗೆ ಕೂತು ನೋಡುವ ಕೋಣೆಗಳು. ಅದಾದ ಮೇಲೆ ಆ ಕಡೆಯಿಂದ ಎತ್ತರ ಕಾಣುತ್ತದೆ. ತುದಿಗಳ ಕಡೆಯಿಂದ ಈಗಲೂ ತಗ್ಗೇ.

ಕಲ್ಯಾಣಿ ಅಂದ ಮೇಲೆ ನೀರಿನ ಮಾತು ಬರಬೇಕಲ್ಲ. 1926-27ರಲ್ಲಿ ಇಲ್ಲಿ ಅಗೆದವರಿಗೆ ದೊಡ್ಡ ತಲೆನೋವಾಗಿದ್ದೇ ನೀರು. ಜಲ ಅಷ್ಟು ಮೇಲಿತ್ತು. ಮಣ್ಣು ಕೆಸರಾಗಿ ಕುಸಿಯುತ್ತಿತ್ತು. ಆಗ ಹೂತುಹೋದ ಒಂದು ಕ್ರೇನು ಈಗಲೂ ಸ್ಟೇಡಿಯಂ ಅಡಿಯಲ್ಲೇ ಇದೆ ಅಂತ ಊರವರು ಹೇಳುತ್ತಾರೆ. ಈ ಕಡೆ ಹರಿಯುತ್ತಿದ್ದ ಆಲೆನ್ ಕ್ರೀಕ್ ಎಂಬ ಹಳ್ಳವನ್ನೂ 1920ರ ದಶಕದಲ್ಲೇ ಕೊಳವೆಗೆ ತುಂಬಿ ಮಣ್ಣು ಮುಚ್ಚಿದರು. ಈಗದು ಊರ ಕೆಳಗೆ ಕತ್ತಲಲ್ಲಿ ಹರಿದು ಹ್ಯೂರಾನ್ ನದಿ ಸೇರುತ್ತದೆ.

ಇದನ್ನೆಲ್ಲ ನಮ್ಮ ಮುಂದಿನ ಸಾಲಿನ ಮುದುಕರೊಬ್ಬರು ಹೇಳಿದರು, ನಾನು ಕನ್ನಡದಲ್ಲಿ ಮಾವನಿಗೆ ಹೇಳಿದೆ. ಆ ವರ್ಷ ಮಾವ 900 ಅಡಿ ಕೊರೆಸಿದ ಬೋರ್‌ನಲ್ಲಿ ಬರೀ ದೂಳು ಬಂದಿತ್ತು. ಆಟ ಶುರುವಾಯಿತು, ಜನ ಎದ್ದು ನಿಂತರು, ಬ್ಯಾಂಡು ಬಾರಿಸಿತು. ಮಾವ ಕೂತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, ‘ಎಷ್ಟು ಅಡಿಗಂತೆ ನೀರು?’ ಮುದುಕರಿಗೂ ಗೊತ್ತಿರಲಿಲ್ಲ. ಉಳಿದ ಆಟವನ್ನು ಮಾವ ನೋಡಿದರೋ ಇಲ್ಲವೋ ನಾನು ಕಾಣೆ. ಕಣ್ಣು ಮಾತ್ರ ತಳದ ಮೇಲೇ ಇತ್ತು.

ಫುಟ್‌ಬಾಲ್ ಅಂತೀರಿ, ಚೆಂಡು ಕೈಯಲ್ಲೇ ಇರುತ್ತಲ್ಲ? — ಹುಬ್ಬಳ್ಳಿಯ ವಿದ್ಯಾರ್ಥಿ

ಹೆಸರಿಗೆ ಮೋಸ ಹೋಗಬೇಡ ತಮ್ಮ. ಕಬಡ್ಡಿ ಅಂದುಕೊಂಡು ನೋಡು, ಬೇಗ ತಲೆಗೆ ಹತ್ತುತ್ತದೆ. ಎದುರಿನ ಹನ್ನೊಂದು ಜನರನ್ನು ಸೀಳಿಕೊಂಡು ಮುಂದೆ ಹೋಗಬೇಕು. ಅವರು ಹಿಡಿದು ಕೆಡವಬೇಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಆರು ಅಂಕ. ಗಡಿಯಾರದಲ್ಲಿ ಆಟ ಒಂದೇ ಗಂಟೆ. ಆದರೆ ನಿಲ್ಲಿಸಿ ನಿಲ್ಲಿಸಿ ಮೂರೂವರೆ ಗಂಟೆ ಎಳೆಯುತ್ತಾರೆ. ನಮ್ಮ ಮದುವೆ ಮನೆಯಲ್ಲಿ ಮುಹೂರ್ತ ಎರಡು ನಿಮಿಷ, ಉಳಿದದ್ದು ಫೋಟೋ. ಹಾಗೇ.

1,07,601. ಕೊನೆಯಲ್ಲಿ ಆ ಒಂದು ಯಾಕೆ? — ಮೈಸೂರಿನ ನಿವೃತ್ತ ಗಣಿತ ಮೇಷ್ಟ್ರು

ಮೇಷ್ಟ್ರ ಕಣ್ಣಿಗೆ ಬೀಳಲೇಬೇಕಿತ್ತು! 1956ರಲ್ಲಿ ಸೀಟುಗಳನ್ನು 1,01,001ಕ್ಕೆ ಏರಿಸಿದರು. ಆ ಒಂದು ಸೀಟು ಫ್ರಿಟ್ಜ್ ಕ್ರಿಸ್ಲರ್ ಎಂಬ ಹಳೆ ಕೋಚ್‌ಗೆ ಅಂತ ನಂಬಿಕೆ. ಎಲ್ಲಿದೆ ಆ ಸೀಟು ಅಂತ ಯಾರೂ ಹೇಳುವುದಿಲ್ಲ. ಆಮೇಲೆ ಸಂಖ್ಯೆ ಏನೇ ಬದಲಾದರೂ ಕೊನೆಗೆ ಒಂದು ಇಟ್ಟೇ ಇಡುತ್ತಾರೆ. ಮುಯ್ಯಿಗೆ ನೂರಾ ಒಂದು ಬರೆಸುವ ನಮಗೆ ಇದು ವಿಚಿತ್ರ ಅನ್ನಿಸಬಾರದು.

ಅಷ್ಟು ಕಾರುಗಳು ಎಲ್ಲಿ ನಿಲ್ಲುತ್ತವೆ? ಮಂಡ್ಯದಲ್ಲಿ ನಾಲ್ಕು ಕಾರು ಬಂದರೇ ರಸ್ತೆ ಬಂದ್. — ಮಂಡ್ಯದ ಓದುಗರು

ನಮ್ಮ ಮನೆ ಮುಂದೆ ನಿಲ್ಲುತ್ತವೆ! ನಿಜವಾಗಿ ಹೇಳುತ್ತಿದ್ದೇನೆ.

ಸ್ಟೇಡಿಯಂ ಇರುವುದು ಮೇನ್ ಸ್ಟ್ರೀಟ್, ಸ್ಟೇಡಿಯಂ ಬುಲೆವಾರ್ಡ್ ಕೂಡುವಲ್ಲಿ. ಹಿಂದೆಲ್ಲ ಜನ ರೈಲಿನಲ್ಲಿ ಬರುತ್ತಿದ್ದರಂತೆ, ಹಳಿ ಈಗಲೂ ಹತ್ತಿರದಲ್ಲೇ ಇದೆ. ಈಗ ಎಲ್ಲ ಕಾರು. ಎದುರಿಗೆ ಪಯೋನಿಯರ್ ಹೈಸ್ಕೂಲ್. ಆಟದ ದಿನ ಅದರ ಹುಲ್ಲುಗಾವಲು ಪೂರ್ತಿ ಕಾರು. ಪಕ್ಕದ ಗಾಲ್ಫ್ ಮೈದಾನದ ಮೇಲೂ ಕಾರು. ಉಳಿದ ದಿನ ಚಪ್ಪಲಿ ಹಾಕಿಕೊಂಡು ಹೋದರೂ ಗುರಾಯಿಸುವ ಜಾಗ ಅದು. ಅವತ್ತು ಟೈರು ಹತ್ತಿದರೂ ನಗುತ್ತಾರೆ. ಅದೂ ತುಂಬಿದ ಮೇಲೆ ನಮ್ಮ ಬೀದಿಗಳ ಸರದಿ.

ಮೊದಲ ವರ್ಷ ಪಕ್ಕದ ಮನೆಯ ಅಜ್ಜಿ ಬಂದು, ‘ನಿಮ್ಮ ಹುಲ್ಲಿನ ಮೇಲೆ ಐದು ಕಾರು ಹಿಡಿಯುತ್ತದೆ, ಸುಮ್ನೆ ಯಾಕೆ ಬಿಟ್ಟಿದ್ದೀರಿ?’ ಅಂದರು. ನನಗೆ ಮುಜುಗರ. ಮನೆಗೆ ಬಂದವರ ಹತ್ತಿರ ದುಡ್ಡು ಇಸ್ಕೊಳ್ಳೋದಾ? ಹಾಗಾಗಿ ಆ ಋತುವಿನಲ್ಲಿ ಪುಕ್ಕಟೆ ಬಿಟ್ಟೆ. ಬಂದವರಿಗೆ ಅನುಮಾನ. ಒಬ್ಬರು ಎರಡು ಸಲ ವಾಪಸ್ ಬಂದು ‘ಕಾರು ಎಳೆದುಕೊಂಡು ಹೋಗುವುದಿಲ್ಲ ತಾನೇ?’ ಅಂತ ಕೇಳಿದರು. ಇನ್ನೊಬ್ಬರು ಬಾಗಿಲ ಹತ್ತಿರ ಒಂದು ಕುಂಬಳಕಾಯಿ ಇಟ್ಟು ಹೋದರು. ಮುಂದಿನ ವರ್ಷ ಅಜ್ಜಿಯೇ ರಟ್ಟಿನ ಮೇಲೆ ಬರೆದುಕೊಟ್ಟರು. ಸಾಧಾರಣ ತಂಡ ಬಂದರೆ 30 ಡಾಲರ್, ದೊಡ್ಡ ತಂಡ ಬಂದರೆ 60. ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಕೈಯಲ್ಲೇ ಸನ್ನೆ ಮಾಡಿ, ಒಂದಕ್ಕೊಂದು ಗೇಣಷ್ಟೇ ಜಾಗ ಬಿಟ್ಟು ನಿಲ್ಲಿಸುತ್ತಾರೆ. ಆಟ ಅರ್ಧಕ್ಕೇ ಬಿಟ್ಟು ಹೋಗುವವರನ್ನು ಮೊದಲೇ ಕೇಳಿ ಮುಂದೆ ಹಾಕುತ್ತಾರೆ. ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲೂ ಇಷ್ಟು ಚೊಕ್ಕ ನೋಡಿಲ್ಲ.

ಹತ್ತೊಂಬತ್ತು ವರ್ಷದಿಂದ ಒಂದೇ ಕುಟುಂಬ ನಮ್ಮ ಮಾವಿನ, ಅಲ್ಲ, ಮೇಪಲ್ ಮರದ ಕೆಳಗೆ ನಿಲ್ಲಿಸುತ್ತದೆ. ಬೆಳಿಗ್ಗೆ ಏಳಕ್ಕೇ ಬಂದು, ಕಾರಿನ ಹಿಂಬಾಗಿಲು ತೆಗೆದು, ಒಲೆ ಹಚ್ಚುತ್ತಾರೆ. ಇದಕ್ಕೆ ಟೇಲ್‌ಗೇಟಿಂಗ್ ಅನ್ನುತ್ತಾರೆ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಮರದಡಿ ಅಡುಗೆ ಮಾಡುತ್ತಿದ್ದೆವಲ್ಲ, ಅದೇ. ಅವರು ಸುಡುವುದು ಮಾಂಸ. ನಾವು ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ನನಗೆ ಬೇರೆ ಬಾಣಲೆಯಲ್ಲಿ ಜೋಳ ಸುಡುತ್ತಾರೆ. ನಾನು ನಿಪ್ಪಟ್ಟು ಕೊಡುತ್ತೇನೆ. ನಿಪ್ಪಟ್ಟಿಗೆ ಕೆಚಪ್ ಹಾಕಿಕೊಳ್ಳುವುದನ್ನು ಮಾತ್ರ ಇನ್ನೂ ಬಿಡಿಸಲು ಆಗಿಲ್ಲ.

ಮಗಳು ಅಲ್ಲಿ ಎಂ.ಎಸ್. ಮಾಡಲು ಬರುತ್ತಿದ್ದಾಳೆ. ಒಂದು ಆಟ ನೋಡಲಿ ಅಂತ ಆಸೆ. ಏನು ಹೇಳಿ ಕಳಿಸಲಿ? — ಬೆಂಗಳೂರು ಜಯನಗರದ ತಾಯಿಯೊಬ್ಬರು

ಖಂಡಿತ ನೋಡಲಿ. ಸೆಪ್ಟೆಂಬರಿನಲ್ಲೇ ನೋಡಲಿ. ಋತು ಸೆಪ್ಟೆಂಬರಿನಿಂದ ನವೆಂಬರ್ ಕೊನೆವರೆಗೆ. ಅದರಲ್ಲಿ ಇಲ್ಲಿ ನಡೆಯುವುದು ಏಳೋ ಎಂಟೋ ಆಟ, ಅಷ್ಟೇ. ಸೆಪ್ಟೆಂಬರಿನಲ್ಲಿ ಬಿಸಿಲು ಸುಡುತ್ತದೆ, ನವೆಂಬರಿನಲ್ಲಿ ಕೂತ ಬೆಂಚು ಕೊರೆಯುತ್ತದೆ. ಹೆಚ್ಚಿನ ಸೀಟುಗಳಿಗೆ ಒರಗುವ ಬೆನ್ನಿಲ್ಲ. ಉದ್ದದ ಲೋಹದ ಬೆಂಚು, ಅದರ ಮೇಲೆ ನಂಬರು. ಎರಡು ನಂಬರಿನ ನಡುವೆ ಇರುವ ಜಾಗ ಸಣ್ಣ ಹುಡುಗಿಗೆ ಸಾಕು. ಜಾಕೆಟ್ ಹಾಕಿದ ದಪ್ಪ ಮನುಷ್ಯ ಪಕ್ಕದಲ್ಲಿ ಬಂದರೆ ಬೆಚ್ಚಗಾದರೂ ಆಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬೇಕು.

ಬ್ಯಾಗು ಬೇಡ. ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾನು ಒಮ್ಮೆ ಗೊತ್ತಿದ್ದೂ ಗೊತ್ತಿದ್ದೂ ಕೈಚೀಲದಲ್ಲಿ ಚಿತ್ರಾನ್ನದ ಸ್ಟೀಲ್ ಡಬ್ಬಿ ಇಟ್ಟುಕೊಂಡು ಹೋದೆ. ಹಿಂದೆ ಕಳಿಸಿದರು, ಮನೆಗೆ ಓಡಿ ಇಟ್ಟು ಬರುವಷ್ಟರಲ್ಲಿ ಮೊದಲ ಕಾಲು ಭಾಗ ಮುಗಿದಿತ್ತು. ತಪ್ಪು ನನ್ನದೇ. ಒಳಗೆ ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ಚೀಸ್ ಪಿಜ್ಜಾ ಸಿಗುತ್ತದೆ. ದುಬಾರಿ. ಹೊಟ್ಟೆ ತುಂಬಾ ಉಂಡು ಹೋಗಲಿ.

ಬಣ್ಣ ಮುಖ್ಯ. ಇವರದು ಜೋಳದ ಹಳದಿ ಮತ್ತು ನೀಲಿ. ಅಪ್ಪಿತಪ್ಪಿ ಕೆಂಪು ಚೂಡಿದಾರ ಬೇಡ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ. ಮತ್ತೆ ಅರ್ಧ ಗಂಟೆ ಮೊದಲೇ ಸೀಟಿನಲ್ಲಿರಲಿ. ಬ್ಯಾಂಡು ಒಳಗೆ ಬರುವುದನ್ನು ತಪ್ಪಿಸಿಕೊಳ್ಳಬಾರದು. ಮುಂದಾಳು ಎತ್ತರದ ಟೊಪ್ಪಿ ಹಾಕಿಕೊಂಡು ಬಂದು, ಹಿಂದಕ್ಕೆ ಬಾಗಿ, ಟೊಪ್ಪಿ ನೆಲಕ್ಕೆ ಮುಟ್ಟಿಸುತ್ತಾನೆ. ಆಟಗಾರರು ಓಡಿ ಬಂದು ಮೇಲೆ ಹಿಡಿದ ಬ್ಯಾನರನ್ನು ಹಾರಿ ಮುಟ್ಟುತ್ತಾರೆ. ತಂಡ ಅಂಕ ಗಳಿಸಿದಾಗಲೆಲ್ಲ ಬ್ಯಾಂಡು ನುಡಿಸುವ ಗೆಲುವಿನ ಹಾಡು 1898ರಷ್ಟು ಹಳೆಯದು, ವಿದ್ಯಾರ್ಥಿಯೊಬ್ಬ ಕಟ್ಟಿದ್ದು. ನನ್ನ ಅಡುಗೆಮನೆ ಕಿಟಕಿಯಿಂದ ಎಷ್ಟು ಸಲ ಕೇಳಿದೆ ಅಂತ ಎಣಿಸಿಯೇ ಸ್ಕೋರ್ ಹೇಳಬಲ್ಲೆ.

ನಿಮ್ಮ ಊರಿನವರಿಗೆ ಯಾರನ್ನು ಕಂಡರೆ ಆಗಲ್ಲ? — ಬೆಳಗಾವಿಯ ಓದುಗರು

ಬೆಳಗಾವಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪಕ್ಕದ ರಾಜ್ಯ ಒಹಾಯೋ. ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯ ಬಣ್ಣ ಕೆಂಪು. ಮಿಷಿಗನ್ ಇನ್ನೂ ರಾಜ್ಯವಾಗುವ ಮೊದಲೇ, 1835ರಲ್ಲಿ, ಈ ಎರಡು ಕಡೆಯವರು ಟೊಲೆಡೊ ಎಂಬ ಊರಿನ ಪಟ್ಟಿಗಾಗಿ ಗಡಿ ಜಗಳ ಆಡಿ, ದಂಡು ಕಟ್ಟಿಕೊಂಡು ನಿಂತಿದ್ದರು. ಟೊಲೆಡೊ ಒಹಾಯೋಗೆ ಹೋಯಿತು. ಮಿಷಿಗನ್‌ಗೆ ಬದಲಿಗೆ ಉತ್ತರದ ಕಾಡು ಸಿಕ್ಕಿತು. ಗೊಣಗಿಕೊಂಡೇ ತೆಗೆದುಕೊಂಡರು. ಆಮೇಲೆ ಅಲ್ಲಿ ತಾಮ್ರ, ಕಬ್ಬಿಣ ಸಿಕ್ಕಿದವು. ಈಗ ಜಗಳವೆಲ್ಲ ನವೆಂಬರ್ ಕೊನೆಯ ಶನಿವಾರ ಒಂದೇ ದಿನ, ಚೆಂಡಿನ ಮೇಲೆ. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ.

ಚಿನ್ನಸ್ವಾಮಿ ಹೊರಗೆ ಆದದ್ದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಲಕ್ಷ ಜನರನ್ನು ಹೇಗೆ ಸಂಭಾಳಿಸುತ್ತಾರೆ? — ಬೆಂಗಳೂರಿನ ಓದುಗರು

2025ರ ಜೂನ್ 4ರಂದು ಹನ್ನೊಂದು ಜೀವ ಹೋದವು. ಅವತ್ತು ನಾವಿಲ್ಲಿ ಟಿ.ವಿ. ಮುಂದೆ ಕೂತು ನಮ್ಮವರಿಗೆಲ್ಲ ಫೋನ್ ಹಚ್ಚುತ್ತಿದ್ದೆವು. ‘ಇಲ್ಲಿ ನೋಡಿ ಕಲಿಯಿರಿ’ ಅಂತ ಹೇಳುವ ಬಾಯಿ ನನಗಿಲ್ಲ. ಕಂಡದ್ದಷ್ಟೇ ಹೇಳುತ್ತೇನೆ.

ಎಷ್ಟು ಜನ ಬರುತ್ತಾರೆ ಅಂತ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಟಿಕೆಟ್ ಇಲ್ಲದೆ ಯಾರಿಗೂ ಒಳಗೆ ಕೆಲಸವಿಲ್ಲ. ಪಕ್ಕದ ಮೇನ್ ಸ್ಟ್ರೀಟನ್ನು ಆಟಕ್ಕೆ ಮುಂಚೆ ಗಾಡಿಗಳಿಗೆ ಮುಚ್ಚುತ್ತಾರೆ, ನಡೆಯುವವರಿಗೇ ರಸ್ತೆ. ಇದಕ್ಕಿಂತ ದೊಡ್ಡದು ಆ ಒಲೆ, ಕುರ್ಚಿ, ಜೋಳ. ಮಧ್ಯಾಹ್ನ ಹನ್ನೆರಡರ ಆಟಕ್ಕೆ ಬೆಳಿಗ್ಗೆ ಏಳರಿಂದಲೇ ಬರುತ್ತಾರೆ. ಮುಗಿದ ಮೇಲೂ ಮತ್ತೆ ಒಲೆ ಹಚ್ಚಿ ಕೂರುತ್ತಾರೆ. ಒಂದೇ ಗಳಿಗೆಗೆ ಒಂದೇ ಬಾಗಿಲಿಗೆ ಲಕ್ಷ ಜನ ನುಗ್ಗುವ ಪ್ರಸಂಗ ಬರುವುದು ಕಡಿಮೆ. ಜನ ಚೆಲ್ಲಿಕೊಂಡಿರುತ್ತಾರೆ.

ಹಾಗಂತ ಭಯ ಇಲ್ಲವೇ? 2021ರ ನವೆಂಬರ್ 27 ನೆನಪಿದೆ. ಒಹಾಯೋ ವಿರುದ್ಧ ಮಿಷಿಗನ್ ಗೆದ್ದು ಹತ್ತು ವರ್ಷ ಆಗಿತ್ತು. ಅವತ್ತು ಹಿಮ ಬೀಳುತ್ತಿತ್ತು. 42-27ಕ್ಕೆ ಗೆದ್ದರು. ಟಿ.ವಿ.ಯಲ್ಲಿ ನೋಡುತ್ತಿದ್ದೇನೆ, ಜನ ಮೆಟ್ಟಿಲಿಳಿದು ಮೈದಾನಕ್ಕೆ ಸುರಿಯುತ್ತಿದ್ದಾರೆ. ತಳದ ಹಸಿರು ಕಾಣಿಸದಂತೆ ತುಂಬಿಹೋಯಿತು. ನಮ್ಮ ಮಗ ಅದೇ ವರ್ಷ ಕಾಲೇಜು ಸೇರಿದ್ದ, ಅದರೊಳಗೇ ಇದ್ದ. ಫೋನ್ ಹತ್ತಲಿಲ್ಲ. ಅಷ್ಟು ಜನರ ಫೋನ್ ಒಂದೇ ಕಡೆ ಇದ್ದರೆ ಎಲ್ಲಿ ಹತ್ತುತ್ತದೆ? ನಲವತ್ತು ನಿಮಿಷ ನಾನು ಬಾಗಿಲಲ್ಲೇ ನಿಂತಿದ್ದೆ. ಅಜ್ಜಿಯೂ ಬಂದು ಪಕ್ಕದಲ್ಲಿ ನಿಂತರು. ಬೀದಿ ತುದಿಯಲ್ಲಿ ಬಂದ. ಒಂದು ಕಾಲಲ್ಲಿ ಮಾತ್ರ ಶೂ. ಬಾಯ್ತುಂಬ ನಗು. ನಾನು ಬೈದದ್ದು ಮೂರು ಮನೆಗೆ ಕೇಳಿತಂತೆ, ಯಾರಿಗೂ ಅರ್ಥ ಆಗಲಿಲ್ಲ ಅನ್ನುವುದೊಂದೇ ಪುಣ್ಯ.

ವರ್ಷಕ್ಕೆ ಎಂಟೇ ದಿನ ಅಂದರೆ ಉಳಿದ ದಿನ ಆ ಗುಂಡಿಯಲ್ಲಿ ಏನು ನಡೆಯುತ್ತದೆ? — ಶಿರಸಿಯ ಓದುಗರು

ಹೆಚ್ಚಿನ ದಿನ ಏನೂ ಇಲ್ಲ. ಫೆಬ್ರವರಿಯಲ್ಲಿ ಆ ದಾರಿಯಲ್ಲಿ ನಡೆದರೆ ಗೇಟಿನ ಸಂದಿಯಿಂದ ಬರೀ ಬಿಳಿ ಕಾಣುತ್ತದೆ. ಹಿಮ ತುಂಬಿದ ಮೆಟ್ಟಿಲು, ಒಂದು ಕಾಗೆ.

ಆದರೆ ನಡುನಡುವೆ ದೊಡ್ಡ ದಿನಗಳು ಬರುತ್ತವೆ. ಪದವಿ ಪ್ರದಾನ ಇಲ್ಲೇ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನ, ಜನಾಂಗ ಭೇದ ಇಲ್ಲದ ತಮ್ಮ ‘ಮಹಾ ಸಮಾಜ’ದ ಕಲ್ಪನೆಯನ್ನು ದೇಶದ ಮುಂದಿಟ್ಟಿದ್ದು ಇದೇ ಮೈದಾನದ ಪದವಿ ಭಾಷಣದಲ್ಲಿ. 2010ರ ಮೇ ತಿಂಗಳಲ್ಲಿ ಒಬಾಮ ಬಂದಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಮೈದಾನವನ್ನೇ ಮಂಜುಗಡ್ಡೆ ಮಾಡಿ ‘ಐಸ್ ಹಾಕಿ’ ಪಂದ್ಯ ಆಡಿದರು. ಲಕ್ಷಕ್ಕೂ ಮಿಕ್ಕಿ ಜನ ಗಡಗಡ ನಡುಗುತ್ತಾ ನೋಡಿದರು. 2014ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ರಿಯಲ್ ಮ್ಯಾಡ್ರಿಡ್ ತಂಡಗಳು ಬಂದು ನಿಜವಾದ ಫುಟ್‌ಬಾಲ್, ಕಾಲಲ್ಲಿ ಆಡುವುದು, ಆಡಿದವು. 1,09,318 ಜನ. ಹುಬ್ಬಳ್ಳಿಯ ತಮ್ಮ ಇದನ್ನು ಓದಿ ಸಮಾಧಾನ ಮಾಡಿಕೊಳ್ಳಲಿ.

ಕೊನೆಗೆ ನಿಮ್ಮ ಮಾವನವರಿಗೆ ಆಟ ಹಿಡಿಸಿತಾ? — ತಿಪಟೂರಿನ ಓದುಗರು

ನಮ್ಮ ಊರಿನವರೇ ಕೇಳಿದ್ದೀರಿ, ಸುಳ್ಳು ಹೇಳಲಾರೆ. ಇಲ್ಲ. ಅವರಿಗೀಗ ಎಂಬತ್ತೆರಡು. ಫೋನ್ ಮಾಡಿದಾಗ ಯಾರು ಗೆದ್ದರು ಅಂತ ಒಂದು ದಿನವೂ ಕೇಳಿಲ್ಲ. ಆದರೆ 2003ರಲ್ಲಿ ಅಲ್ಲಿ ಹುಲ್ಲು ತೆಗೆದು ಕೃತಕ ಹುಲ್ಲು ಹಾಸಿದರು ಅಂತ ಒಮ್ಮೆ ಹೇಳಿದ್ದೆ. ಅದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೋದ ವಾರವೂ ಕೇಳಿದರು. ‘ಅಷ್ಟು ಮೇಲೆ ನೀರಿಟ್ಕೊಂಡು ಪ್ಲಾಸ್ಟಿಕ್ ಹಾಸಿದಾರಲ್ಲಮ್ಮ, ನಾಲ್ಕು ತೆಂಗಿನ ಸಸಿನಾದ್ರೂ ಇಡಬಾರದಾ?’ ಚಳಿಗೆ ಬರೋದಿಲ್ಲ ಮಾವ ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.